ಫ್ಯಾನ್ ಕೂಗಿದರೆ ಕಂಪ್ಯೂಟರ್ ಕೆಟ್ಟಿದೆಯೇ? ಪ್ರೊಸೆಸರ್‌ನ ವೇಗ, ಬಿಸಿ, ಸದ್ದು ಮತ್ತು ಕರೆಂಟಿನ ಲೆಕ್ಕ

ಕಳೆದ ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಓದುತ್ತಿರುವ ನಮ್ಮ ಸಂಬಂಧಿ ಹುಡುಗಿಯೊಬ್ಬಳು ಗಾಬರಿಯಿಂದ ಫೋನ್ ಮಾಡಿದ್ದಳು. ಪ್ರಾಜೆಕ್ಟ್ ಸಲ್ಲಿಸಲು ಹತ್ತೇ ದಿನ ಬಾಕಿ. ಆಕೆಯ ಲ್ಯಾಪ್‌ಟಾಪ್ ಮುಟ್ಟಿದರೆ ಸುಡುತ್ತಿತ್ತು, ಫ್ಯಾನ್ ಒಂದೇ ಸಮನೆ ಕೂಗುತ್ತಿತ್ತು, ಕೆಲಸ ಮಾತ್ರ ಆಮೆಯ ವೇಗದಲ್ಲಿ ಸಾಗುತ್ತಿತ್ತು. ರಿಪೇರಿ ಅಂಗಡಿಯವರು ನೋಡಿ, "ಪ್ರೊಸೆಸರ್ ಸುಡ್ಲಿಕ್ಕತ್ತದ್ರಿ, ಬೋರ್ಡೇ ಬದಲಿ ಮಾಡ್ಬೇಕಾಗ್ತದ" ಎಂದು 18,000 ರೂಪಾಯಿ ಹೇಳಿದ್ದರು. ಹೊಸ ಬೋರ್ಡಿಗೆ ಅಷ್ಟು ಹಣ ಕೊಡುವುದೋ, ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಳ್ಳುವುದೋ ಎಂಬುದು ಆ ಮನೆಯವರ ಪ್ರಶ್ನೆಯಾಗಿತ್ತು.

ಕೊನೆಗೆ ಏನಾಯಿತು ಎಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೂ ಮೊದಲು ಈ ಗಾಬರಿಯ ಹಿಂದಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಕಂಪ್ಯೂಟರ್ ಬಿಸಿಯಾದರೆ ಕೆಟ್ಟಂತೆಯೇ? ಹೆಚ್ಚು ಗಿಗಾಹರ್ಟ್ಸ್ ಎಂದರೆ ಯಾವಾಗಲೂ ಒಳ್ಳೆಯದೇ? ವೇಗ ತಗ್ಗಿಸಿದರೆ ಕಂಪ್ಯೂಟರ್ ನಿಧಾನವಾಗಿ ಕೈಕೊಡುತ್ತದೆಯೇ?

ಚುಟುಕು ಉತ್ತರ ಹೀಗಿದೆ: ಪ್ರೊಸೆಸರ್‌ನ ಕೊನೆಯ 15–20 ಶೇಕಡಾ ವೇಗ ಬಹಳ ದುಬಾರಿ. ಅಷ್ಟನ್ನು ಬಿಟ್ಟುಕೊಟ್ಟರೆ ಬಿಸಿ, ಸದ್ದು ಮತ್ತು ಕರೆಂಟ್ ಮೂರೂ ನಾವು ಊಹಿಸುವುದಕ್ಕಿಂತ ಹೆಚ್ಚು ಇಳಿಯುತ್ತವೆ. ಯಾಕೆ ಎಂದು ನೋಡೋಣ.

ಪ್ರೊಸೆಸರ್ ಯಾಕೆ ಬಿಸಿಯಾಗುತ್ತದೆ?

ಪ್ರೊಸೆಸರ್ ಎಂದರೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳಿರುವ ಸಿಲಿಕಾನ್ ತುಂಡು. ಟ್ರಾನ್ಸಿಸ್ಟರ್ ಒಂದು ಪುಟ್ಟ ಸ್ವಿಚ್ ಇದ್ದಂತೆ. ಅದು ಆನ್ ಅಥವಾ ಆಫ್ ಆದಾಗಲೆಲ್ಲ ಸ್ವಲ್ಪ ವಿದ್ಯುತ್ ಆವೇಶ ತುಂಬಿ ಖಾಲಿಯಾಗುತ್ತದೆ, ಪ್ರತಿ ಬಾರಿಯೂ ಒಂದಿಷ್ಟು ಶಕ್ತಿ ಶಾಖವಾಗುತ್ತದೆ. ಒಂದು ಸ್ವಿಚ್ಚಿನ ಶಾಖ ಲೆಕ್ಕಕ್ಕೇ ಬರುವುದಿಲ್ಲ. ಆದರೆ 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಕೋಟ್ಯಂತರ ಸ್ವಿಚ್ಚುಗಳು ಆ ವೇಗದಲ್ಲಿ ಕೆಲಸ ಮಾಡಿದಾಗ ಒಟ್ಟು ಶಾಖ ಹತ್ತಾರು ವಾಟ್ ಆಗುತ್ತದೆ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಮೋಟರ್‌ನಲ್ಲಿ ಒಂದಷ್ಟು ಶಕ್ತಿ ನೀರನ್ನು ಮೇಲೆತ್ತಲು ಹೋಗುತ್ತದೆ, ಬಲ್ಬಿನಲ್ಲಿ ಒಂದಷ್ಟು ಬೆಳಕಾಗುತ್ತದೆ. ಲೆಕ್ಕ ಮಾಡುವ ಚಿಪ್‌ನಲ್ಲಿ ಹಾಗಿಲ್ಲ. 100 ವಾಟ್ ಬಳಸುವ ಪ್ರೊಸೆಸರ್ ಎಂದರೆ ಕೋಣೆಯಲ್ಲಿರುವ 100 ವಾಟಿನ ಹೀಟರ್ ಎಂದೇ ಲೆಕ್ಕ.

ಆ ಶಾಖ ಹುಟ್ಟುವ ಜಾಗವೋ ತೀರಾ ಚಿಕ್ಕದು. 1000 ವಾಟಿನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 150ರಿಂದ 200 ಚದರ ಸೆಂಟಿಮೀಟರ್ ಇರುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 5–7 ವಾಟ್. ಪ್ರೊಸೆಸರ್ ಒಂದೆರಡು ಚದರ ಸೆಂಟಿಮೀಟರಿನಿಂದ 100 ವಾಟ್ ಹೊರಹಾಕಿದರೆ ಅದು ಇಸ್ತ್ರಿ ಪೆಟ್ಟಿಗೆಯ ಹತ್ತು ಪಟ್ಟಿನಷ್ಟಾಯಿತು. ಹೀಟ್ ಸಿಂಕ್ ಮತ್ತು ಫ್ಯಾನ್ ಇಲ್ಲದಿದ್ದರೆ ಇಂಥ ಚಿಪ್ ಕೆಲವೇ ಸೆಕೆಂಡುಗಳಲ್ಲಿ ತನ್ನ ಗರಿಷ್ಠ ಉಷ್ಣತೆಯನ್ನು ಮುಟ್ಟುತ್ತದೆ. ಹಾಗಾಗಿ ಬಿಸಿಯಾಗುವುದು ರೋಗವಲ್ಲ, ಕೆಲಸ ಮಾಡುತ್ತಿರುವುದರ ಲಕ್ಷಣ.

ಸ್ವಲ್ಪ ವೇಗ ಹೆಚ್ಚಿಸಿದರೆ ಇಷ್ಟೊಂದು ಬಿಸಿ ಯಾಕೆ?

ವೇಗ 10 ಶೇಕಡಾ ಹೆಚ್ಚಿದರೆ ವಿದ್ಯುತ್ತೂ 10 ಶೇಕಡಾ ಹೆಚ್ಚಾಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. ವೇಗ ಒಂದನ್ನೇ ಹೆಚ್ಚಿಸಲು ಆಗುವಂತಿದ್ದರೆ ಅದು ನಿಜವಾಗುತ್ತಿತ್ತು. ಆದರೆ ಟ್ರಾನ್ಸಿಸ್ಟರ್ ಬೇಗ ಬೇಗ ಆನ್-ಆಫ್ ಆಗಬೇಕೆಂದರೆ ಅದಕ್ಕೆ ಹೆಚ್ಚು ವೋಲ್ಟೇಜ್ ಕೊಡಬೇಕು. ಸಮಸ್ಯೆ ಹುಟ್ಟುವುದೇ ಇಲ್ಲಿ.

ಸ್ವಿಚ್ಚುಗಳ ಓಡಾಟಕ್ಕೆ ಬೇಕಾದ ವಿದ್ಯುತ್ತು ಕ್ಲಾಕ್ ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ. ವೇಗವೂ ವೋಲ್ಟೇಜೂ ಒಟ್ಟಿಗೆ ಏರಿದರೆ ವಿದ್ಯುತ್ ಬಳಕೆ ಹೆಚ್ಚುಕಡಿಮೆ ಘನದ ಲೆಕ್ಕದಲ್ಲಿ ಏರುತ್ತದೆ.

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಒಂದು ಪ್ರೊಸೆಸರ್ 4 ಗಿಗಾಹರ್ಟ್ಸ್ ವೇಗಕ್ಕೆ 1.25 ವೋಲ್ಟ್ ಕೇಳುತ್ತದೆ, 3.2 ಗಿಗಾಹರ್ಟ್ಸ್ ವೇಗಕ್ಕೆ 1 ವೋಲ್ಟ್ ಸಾಕು ಎಂದಿಟ್ಟುಕೊಳ್ಳಿ. ವೇಗ ಇಳಿದದ್ದು 20 ಶೇಕಡಾ. ವಿದ್ಯುತ್ತು? 0.8 ಅನ್ನು 0.8ರ ವರ್ಗದಿಂದ ಗುಣಿಸಿದರೆ 0.512. ಅಂದರೆ ವಿದ್ಯುತ್ ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಐದರಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟಿದ್ದಕ್ಕೆ ಅರ್ಧದಷ್ಟು ಶಾಖವೇ ಕಡಿಮೆಯಾಯಿತು!

ಬೈಕ್ ಓಡಿಸುವವರಿಗೆ ಇದು ಗೊತ್ತಿರುವ ವಿಷಯವೇ. ಗಂಟೆಗೆ 50 ಕಿಲೋಮೀಟರಿನಿಂದ 60ಕ್ಕೆ ಹೋದಾಗ ಎಂಜಿನ್‌ಗೆ ಅಂಥ ಕಷ್ಟವಾಗುವುದಿಲ್ಲ. 90ರಿಂದ 100ಕ್ಕೆ ಹೋಗುವಾಗ ಅದು ಒದ್ದಾಡುತ್ತದೆ, ಪೆಟ್ರೋಲ್ ಮುಳ್ಳು ಸರಸರನೆ ಇಳಿಯುತ್ತದೆ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯವೂ ವೇಗದ ಘನದಂತೆಯೇ ಏರುವುದೇ ಇದಕ್ಕೆ ಕಾರಣ.

ಇದರ ಜೊತೆಗೆ ಸೋರಿಕೆಯ ವಿದ್ಯುತ್ತು ಬೇರೆ. ಆಫ್ ಆಗಿರುವ ಟ್ರಾನ್ಸಿಸ್ಟರಿನಲ್ಲೂ ತೊಟ್ಟಿಕ್ಕುವ ನಲ್ಲಿಯಂತೆ ಸ್ವಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಚಿಪ್ ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು. ಸೋರಿಕೆ ಹೆಚ್ಚಾದರೆ ಮತ್ತಷ್ಟು ಬಿಸಿ. ಹೀಗಾಗಿ ಅದೇ ಕೆಲಸವನ್ನು ಅದೇ ವೇಗದಲ್ಲಿ ಮಾಡಿದರೂ ಬಿಸಿಯಾದ ಚಿಪ್ ತಣ್ಣಗಿರುವ ಚಿಪ್‌ಗಿಂತ ಹೆಚ್ಚು ಕರೆಂಟ್ ತಿನ್ನುತ್ತದೆ.

ಗಿಗಾಹರ್ಟ್ಸ್ ಓಟ ನಿಂತದ್ದು ಹೇಗೆ?

"ಹೆಚ್ಚು ಗಿಗಾಹರ್ಟ್ಸ್ ಇದ್ದರೆ ಒಳ್ಳೆಯ ಕಂಪ್ಯೂಟರ್" ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದು ಬಹುಮಟ್ಟಿಗೆ ನಿಜವೇ ಆಗಿತ್ತು.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಪ್ರೊಸೆಸರ್ ವೇಗ 4.77 ಮೆಗಾಹರ್ಟ್ಸ್. ಆ ಚಿಪ್ ಮೇಲೆ ಹೀಟ್ ಸಿಂಕ್ ಕೂಡ ಇರಲಿಲ್ಲ. ಅಲ್ಲಿಂದ ಮುಂದೆ ಸುಮಾರು ಎರಡು ದಶಕ ವೇಗ ಏರುತ್ತಲೇ ಹೋಯಿತು. ಅದಕ್ಕೆ ಬೆಂಬಲವಾಗಿದ್ದದ್ದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ವಿವರಿಸಿದ ಒಂದು ನಿಯಮ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಹಾಗಾಗಿ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್‌ಗಳನ್ನು ತುಂಬಿ ವೇಗ ಹೆಚ್ಚಿಸಿದರೂ ಪ್ರತಿ ಚದರ ಸೆಂಟಿಮೀಟರಿನ ಶಾಖ ಏರುವುದಿಲ್ಲ ಎಂಬುದು ಅದರ ಸಾರ.

2000ದ ದಶಕದ ಮೊದಲ ಭಾಗದಲ್ಲಿ ಈ ನಿಯಮ ಕೈಕೊಟ್ಟಿತು. ವೋಲ್ಟೇಜನ್ನು ಇನ್ನಷ್ಟು ಇಳಿಸಿದರೆ ಸೋರಿಕೆ ಮಿತಿಮೀರುತ್ತಿತ್ತು. ಟ್ರಾನ್ಸಿಸ್ಟರ್ ಚಿಕ್ಕದಾಗುತ್ತಲೇ ಹೋಯಿತು, ವೋಲ್ಟೇಜ್ ಮಾತ್ರ ಅಲ್ಲೇ ನಿಂತಿತು. 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್, ಇದೇ ದಾರಿಯಲ್ಲಿ ಹೋದರೆ ಚಿಪ್‌ಗಳ ಶಾಖ ಸಾಂದ್ರತೆ ಪರಮಾಣು ರಿಯಾಕ್ಟರ್‌ನ, ರಾಕೆಟ್ ನಳಿಕೆಯ, ಕೊನೆಗೆ ಸೂರ್ಯನ ಮೇಲ್ಮೈಯ ಮಟ್ಟಕ್ಕೆ ಹೋದೀತು ಎಂದು ಎಚ್ಚರಿಸಿದ್ದರು.

ಆ ಎಚ್ಚರಿಕೆ ಅವರದೇ ಕಂಪನಿಯ ಪೆಂಟಿಯಮ್ 4ರಲ್ಲಿ ನಿಜವಾಯಿತು. 2000ದ ನವೆಂಬರ್‌ನಲ್ಲಿ 1.4 ಮತ್ತು 1.5 ಗಿಗಾಹರ್ಟ್ಸ್‌ನಲ್ಲಿ ಬಂದ ಈ ಚಿಪ್ ಕೊನೆಗೆ 3.8 ಗಿಗಾಹರ್ಟ್ಸ್ ತಲುಪಿತು. ಅಷ್ಟರಲ್ಲಿ ಅದಕ್ಕೆ ನಿಗದಿಯಾಗಿದ್ದ ಶಾಖದ ಪ್ರಮಾಣ 115 ವಾಟ್ ಮುಟ್ಟಿತ್ತು. 4 ಗಿಗಾಹರ್ಟ್ಸ್ ಚಿಪ್ ತರುವ ಯೋಜನೆಯನ್ನು ಇಂಟೆಲ್ 2004ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. 2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಸರಣಿಯ 2.4 ಗಿಗಾಹರ್ಟ್ಸ್ ಚಿಪ್‌ಗೆ ನಿಗದಿಯಾಗಿದ್ದು 65 ವಾಟ್ ಮಾತ್ರ. ಆದರೂ ಹೆಚ್ಚಿನ ಕೆಲಸಗಳಲ್ಲಿ ಅದು 3.8 ಗಿಗಾಹರ್ಟ್ಸ್‌ನ ಪೆಂಟಿಯಮ್ 4ನ್ನು ಹಿಂದೆ ಹಾಕಿತು. ಪ್ರತಿ ಮಿಡಿತದಲ್ಲಿ ಹೆಚ್ಚು ಕೆಲಸ ಮಾಡುವ ವಿನ್ಯಾಸ ಮತ್ತು ಒಂದರ ಬದಲು ಎರಡು ಕೋರ್ ಇದ್ದದ್ದು ಇದಕ್ಕೆ ಕಾರಣ.

ಹಾಗಾಗಿ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳನ್ನು ಗಿಗಾಹರ್ಟ್ಸ್ ನೋಡಿ ಹೋಲಿಸುವುದು ಎಂದರೆ ಎರಡು ಬಸ್ಸುಗಳಲ್ಲಿ ಎಷ್ಟು ಜನ ಕೂರಬಹುದು ಎಂಬುದನ್ನು ಚಕ್ರ ತಿರುಗುವ ವೇಗದಿಂದ ಲೆಕ್ಕ ಹಾಕಿದಂತೆ.

ಈಗಿನ ಪ್ರೊಸೆಸರ್ ತಾನೇ ಲೆಕ್ಕ ಹಾಕುತ್ತದೆ

ಇಂದಿನ ಪ್ರೊಸೆಸರ್‌ಗೆ ಒಂದೇ ವೇಗ ಎಂಬುದಿಲ್ಲ. ಕೆಲಸವಿಲ್ಲದಾಗ ಅದು ವೇಗ ಮತ್ತು ವೋಲ್ಟೇಜ್ ಎರಡನ್ನೂ ಇಳಿಸಿ, ಕೆಲವು ಭಾಗಗಳನ್ನು ಆಫ್ ಮಾಡಿ ಮಲಗುತ್ತದೆ. ಕೆಲಸ ಬಂದ ಕೂಡಲೇ ಎದ್ದು, ಕೆಲ ಹೊತ್ತು ತನ್ನ ಮೂಲ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಇದನ್ನು ಟರ್ಬೊ ಅಥವಾ ಬೂಸ್ಟ್ ಎನ್ನುತ್ತಾರೆ. ಬ್ರೌಸರ್ ತೆರೆಯುವುದು, ಫೋಟೊ ಒಂದನ್ನು ಸರಿಪಡಿಸುವುದು ಮುಂತಾದ ಸಣ್ಣ ಕೆಲಸಗಳಿಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಹೀಟ್ ಸಿಂಕ್ ಬಿಸಿಯಾಗುವ ಮೊದಲೇ ಕೆಲಸ ಮುಗಿದಿರುತ್ತದೆ.

ಕೆಲಸ ದೀರ್ಘವಾದರೆ ಮಿತಿಗಳು ಎದುರಾಗುತ್ತವೆ. ಒಂದು ವಿದ್ಯುತ್ತಿನ ಮಿತಿ, ಇನ್ನೊಂದು ಉಷ್ಣತೆಯ ಮಿತಿ. ಯಾವುದು ಮೊದಲು ಬಂದರೂ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಉಷ್ಣತೆಯ ಕಾರಣಕ್ಕೆ ಹೀಗೆ ವೇಗ ಇಳಿಸುವುದನ್ನು ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಹೊರಗೆ ಫ್ಯಾನ್ ಕೂಗುತ್ತಿದ್ದರೂ ಒಳಗೆ ಕೆಲಸ ನಿಧಾನವಾಗಲು ಮುಖ್ಯ ಕಾರಣ ಇದೇ.

2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಫ್ಯಾನ್ ಇಲ್ಲವೇ ಇಲ್ಲ. ಅದೇ ಚಿಪ್ ಇರುವ ಮ್ಯಾಕ್‌ಬುಕ್ ಪ್ರೊನಲ್ಲಿ ಫ್ಯಾನ್ ಇದೆ. ಸಣ್ಣ ಕೆಲಸಗಳಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ದೀರ್ಘ ಕೆಲಸ ಕೊಟ್ಟಾಗ ಏರ್ ಸ್ವಲ್ಪ ಹೊತ್ತಿನ ನಂತರ ವೇಗ ತಗ್ಗಿಸುತ್ತದೆ. ಸದ್ದೇ ಇರದ ಕಂಪ್ಯೂಟರ್ ಬೇಕು ಎಂದಾಗ ತೆರಬೇಕಾದ ಬೆಲೆ ಅಷ್ಟೇ.

ನಂಬಿಕೆ 1: "90 ಡಿಗ್ರಿ ಆದರೆ ಪ್ರೊಸೆಸರ್ ಸುಟ್ಟೇ ಹೋಗುತ್ತದೆ"

90 ಡಿಗ್ರಿ ಎಂದರೆ ನೀರು ಕುದಿಯಲು ಇನ್ನು ಹತ್ತೇ ಡಿಗ್ರಿ ಬಾಕಿ, ಹಾಗಾಗಿ ಭಯವಾಗುವುದು ಸಹಜ. ಆದರೆ ಸಿಲಿಕಾನ್ ನಮ್ಮ ಚರ್ಮದಂತಲ್ಲ. ಇಂಟೆಲ್‌ನ ಹಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜೆನ್ 7000 ಡೆಸ್ಕ್‌ಟಾಪ್ ಸರಣಿಯ ಮುಖ್ಯ ಚಿಪ್‌ಗಳ ಮಿತಿ 95 ಡಿಗ್ರಿ. ಭಾರಿ ಕೆಲಸದಲ್ಲಿ 95 ಡಿಗ್ರಿಯಲ್ಲಿ ಓಡುವುದು ವಿನ್ಯಾಸದ ಭಾಗವೇ ಎಂದು ಕಂಪನಿಯೇ ಹೇಳಿತ್ತು. ಮಿತಿ ತಲುಪಿದಾಗ ಚಿಪ್ ವೇಗ ಇಳಿಸುತ್ತದೆ, ಆಗಲೂ ತಡೆಯಲಾಗದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡುತ್ತದೆ.

ಹಾಗೆಂದು ಬಿಸಿಯಿಂದ ಏನೂ ಆಗುವುದಿಲ್ಲ ಎಂದಲ್ಲ. ಹೆಚ್ಚು ವೋಲ್ಟೇಜ್ ಮತ್ತು ಹೆಚ್ಚು ಉಷ್ಣತೆ ಎರಡೂ ಸೇರಿ ವರ್ಷಗಳ ಲೆಕ್ಕದಲ್ಲಿ ಚಿಪ್ಪನ್ನು ಸವೆಸುತ್ತವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಇದ್ದಕ್ಕಿದ್ದಂತೆ ಕೈಕೊಡತೊಡಗಿದವು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದ್ದುದೇ ಕಾರಣ ಎಂದು 2024ರಲ್ಲಿ ಕಂಪನಿ ಒಪ್ಪಿಕೊಂಡು ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಕೊನೆಯ ಹನಿ ವೇಗ ಹಿಂಡಲು ಹೋದರೆ ಏನಾಗಬಹುದು ಎಂಬುದಕ್ಕೆ ಇದೂ ಒಂದು ಪಾಠ.

ಲ್ಯಾಪ್‌ಟಾಪ್‌ನಲ್ಲಿ ಚಿಪ್‌ಗಿಂತ ಬೇಗ ಬಳಲುವುದು ಬ್ಯಾಟರಿ. ಪಕ್ಕದಲ್ಲಿ ದಿನವೂ ಬಿಸಿ ಇದ್ದರೆ ಅದರ ಆಯಸ್ಸು ಕಡಿಮೆಯಾಗುತ್ತದೆ.

ನಂಬಿಕೆ 2: "ದೊಡ್ಡ ಕೂಲರ್ ಹಾಕಿದರೆ ಬಿಸಿಯೇ ಇರುವುದಿಲ್ಲ"

ಕೂಲರ್ ಶಾಖವನ್ನು ಇಲ್ಲವಾಗಿಸುವುದಿಲ್ಲ. ಚಿಪ್‌ನಿಂದ ತೆಗೆದು ಕೋಣೆಗೆ ಹಾಕುತ್ತದೆ, ಅಷ್ಟೇ. ದೊಡ್ಡ ಹೀಟ್ ಸಿಂಕ್ ಆಗಲಿ, ನೀರಿನ ಕೂಲರ್ ಆಗಲಿ, 200 ವಾಟ್ ಬಳಸುವ ಪ್ರೊಸೆಸರ್ ಕೋಣೆಗೆ 200 ವಾಟ್ ಶಾಖ ಸುರಿದೇ ಸುರಿಯುತ್ತದೆ. ಚಿಪ್ ತಣ್ಣಗಿರಬಹುದು, ನೀವು ಬೆವರುತ್ತೀರಿ. ಕೋಣೆಯಲ್ಲಿ ಎಸಿ ಇದ್ದರೆ ಆ ಶಾಖವನ್ನು ಹೊರಹಾಕಲು ಅದಕ್ಕೂ ಕರೆಂಟ್ ಬೇಕು.

ಕೋಣೆಯ ಉಷ್ಣತೆಗೂ ಚಿಪ್‌ನ ಉಷ್ಣತೆಗೂ ನೇರ ಸಂಬಂಧವಿದೆ. ಫ್ಯಾನ್ ಕೋಣೆಯ ಗಾಳಿಯನ್ನೇ ಬೀಸುವುದರಿಂದ ಚಿಪ್ ಎಂದಿಗೂ ಕೋಣೆಗಿಂತ ತಣ್ಣಗಾಗುವುದಿಲ್ಲ. ಒಂದು ಕೆಲಸ ಮಾಡುವಾಗ ಚಿಪ್ ಕೋಣೆಗಿಂತ 50 ಡಿಗ್ರಿ ಮೇಲಿರುತ್ತದೆ ಎಂದುಕೊಳ್ಳಿ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಕೋಣೆ 23 ಡಿಗ್ರಿ ಇದ್ದರೆ ಚಿಪ್ 73 ಡಿಗ್ರಿ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆ 40 ಡಿಗ್ರಿ ಇದ್ದರೆ ಅದೇ ಚಿಪ್ 90 ಡಿಗ್ರಿ. ಚಳಿಗಾಲದಲ್ಲಿ ಸುಮ್ಮನಿದ್ದ ಲ್ಯಾಪ್‌ಟಾಪ್ ಬೇಸಿಗೆಯಲ್ಲಿ ಕೂಗಲು ಅದು ಕೆಟ್ಟಿರಲೇಬೇಕೆಂದಿಲ್ಲ. ಊರೇ ಬಿಸಿಯಾಗಿದೆ.

ನಂಬಿಕೆ 3: "ಬೇಗ ಮುಗಿಸಿದರೆ ಕರೆಂಟ್ ಉಳಿಯುತ್ತದೆ"

ವೇಗವಾಗಿ ಓಡಿ ಕೆಲಸ ಮುಗಿಸಿ ಬೇಗ ಮಲಗಿದರೆ ಒಟ್ಟು ಕರೆಂಟ್ ಕಡಿಮೆಯಾಗುತ್ತದೆ ಎಂಬ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ಪರದೆ, ಮೆಮೊರಿ ಮುಂತಾದವು ಕಂಪ್ಯೂಟರ್ ಎದ್ದಿರುವಷ್ಟು ಹೊತ್ತೂ ಕರೆಂಟ್ ಬಳಸುತ್ತವೆ. ಹಾಗಾಗಿ ತೀರಾ ನಿಧಾನವಾಗಿ ಓಡಿಸಿದರೂ ನಷ್ಟವೇ.

ಆದರೆ ವೇಗದ ತುತ್ತತುದಿಯಲ್ಲಿ ಈ ವಾದ ನಿಲ್ಲುವುದಿಲ್ಲ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 20 ಶೇಕಡಾ ನಿಧಾನವಾದರೆ ಕೆಲಸಕ್ಕೆ 25 ಶೇಕಡಾ ಹೆಚ್ಚು ಹೊತ್ತು ಬೇಕು. ವಿದ್ಯುತ್ ಬಳಕೆ 0.512ಕ್ಕೆ ಇಳಿದಿದೆ, ಸಮಯ 1.25ಕ್ಕೆ ಏರಿದೆ. ಗುಣಿಸಿದರೆ 0.64. ಅಂದರೆ ಅದೇ ಕೆಲಸಕ್ಕೆ ಪ್ರೊಸೆಸರ್ ತಿಂದ ಶಕ್ತಿ 36 ಶೇಕಡಾ ಕಡಿಮೆ. ಪರದೆ ಮುಂತಾದವನ್ನು ಸೇರಿಸಿದರೆ ಉಳಿತಾಯ ಇದಕ್ಕಿಂತ ಕಡಿಮೆಯಾಗುತ್ತದೆ, ಭಾರಿ ಕೆಲಸದಲ್ಲಿ ಆದರೂ ಅದು ಎದ್ದು ಕಾಣುತ್ತದೆ.

ಮಾರುಕಟ್ಟೆಯಲ್ಲೂ ಇದಕ್ಕೆ ಸಾಕ್ಷಿ ಇದೆ. 2022ರಲ್ಲಿ ಬಂದ 16 ಕೋರ್‌ಗಳ ರೈಜೆನ್ 9 7950ಎಕ್ಸ್ ಸಾಮಾನ್ಯ ಸ್ಥಿತಿಯಲ್ಲಿ 230 ವಾಟ್ ತನಕ ಬಳಸಬಹುದು. ಅದರಲ್ಲಿರುವ 65 ವಾಟ್ ಇಕೋ ಮೋಡ್ ಆರಿಸಿದರೆ ಆ ಗರಿಷ್ಠ ಮಿತಿ 88 ವಾಟ್‌ಗೆ ಇಳಿಯುತ್ತದೆ. ವಿದ್ಯುತ್ತು ಅರ್ಧಕ್ಕಿಂತಲೂ ಕಡಿಮೆಯಾದರೂ ಎಲ್ಲ ಕೋರ್‌ಗಳು ದುಡಿಯುವ ಪರೀಕ್ಷೆಗಳಲ್ಲಿ ಅದು ಮುಕ್ಕಾಲು ಪಾಲಿಗೂ ಹೆಚ್ಚು ವೇಗ ಉಳಿಸಿಕೊಂಡದ್ದನ್ನು ವಿಮರ್ಶಕರು ತೋರಿಸಿದರು.

ಸದ್ದಿನ ಲೆಕ್ಕ

ಫ್ಯಾನ್‌ಗೂ ಘನದ ನಿಯಮವೇ ಅನ್ವಯಿಸುತ್ತದೆ. ಫ್ಯಾನ್ ಎರಡು ಪಟ್ಟು ವೇಗವಾಗಿ ತಿರುಗಿದರೆ ಗಾಳಿ ಎರಡು ಪಟ್ಟು ಬರುತ್ತದೆ, ಆದರೆ ಫ್ಯಾನ್ ತಿರುಗಿಸಲು ಎಂಟು ಪಟ್ಟು ಶಕ್ತಿ ಬೇಕು. ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸರಿಸುಮಾರು ಇಮ್ಮಡಿಯಾದಂತೆ ಕೇಳುತ್ತದೆ. ಅಂದರೆ ಎರಡು ಪಟ್ಟು ಗಾಳಿಗೆ ಹೆಚ್ಚುಕಡಿಮೆ ಮೂರು ಪಟ್ಟು ಗದ್ದಲ.

ಇದನ್ನೇ ತಿರುಗಿಸಿ ನೋಡಿದರೆ ಲಾಭ ಕಾಣುತ್ತದೆ. ಶಾಖ ಸ್ವಲ್ಪ ಕಡಿಮೆಯಾದರೂ ಫ್ಯಾನ್ ನಿಧಾನವಾಗುತ್ತದೆ, ಸದ್ದು ದಿಢೀರನೆ ಇಳಿಯುತ್ತದೆ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೆ ಸಣ್ಣ ಫ್ಯಾನ್ ಜೋರಾಗಿ ತಿರುಗುವುದಕ್ಕಿಂತ ಕಡಿಮೆ ಸದ್ದಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್‌ಗಳು ಹೆಚ್ಚು ಕೂಗಲು ಅವುಗಳಲ್ಲಿ ದೊಡ್ಡ ಫ್ಯಾನ್‌ಗೆ ಜಾಗವಿಲ್ಲದಿರುವುದೂ ಒಂದು ಕಾರಣ.

ಕರೆಂಟ್ ಬಿಲ್ ಎಷ್ಟು ಉಳಿಯುತ್ತದೆ?

ಡೆಸ್ಕ್‌ಟಾಪ್ ಒಂದರಲ್ಲಿ ಮಿತಿ ಇಳಿಸಿ 100 ವಾಟ್ ಉಳಿಸಿದಿರಿ, ಅದು ದಿನಕ್ಕೆ 6 ಗಂಟೆ ಭಾರಿ ಕೆಲಸ ಮಾಡುತ್ತದೆ ಎಂದುಕೊಳ್ಳಿ. ತಿಂಗಳಿಗೆ 18 ಯೂನಿಟ್ ಆಯಿತು. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 108 ರೂಪಾಯಿ. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ 18 ಯೂನಿಟ್ ಇನ್ನೂ ಮುಖ್ಯವಾಗಬಹುದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ!

ಲ್ಯಾಪ್‌ಟಾಪ್‌ನಲ್ಲಿ ಬಿಲ್ ಉಳಿತಾಯ ದೊಡ್ಡದಲ್ಲ. 15 ವಾಟ್ ಉಳಿಸಿದರೆ ಅದೇ ಲೆಕ್ಕದಲ್ಲಿ ತಿಂಗಳಿಗೆ 2.7 ಯೂನಿಟ್, ಅಂದರೆ ಸುಮಾರು 16 ರೂಪಾಯಿ. ಅಲ್ಲಿ ನಿಜವಾದ ಲಾಭ ಬೇರೆ. ಕರೆಂಟ್ ಹೋದಾಗ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಯುಪಿಎಸ್‌ಗೆ ಜೋಡಿಸಿದ ಡೆಸ್ಕ್‌ಟಾಪ್‌ಗೂ ಇದೇ ಮಾತು.

ತೊಡೆಯ ಮೇಲೆ ಇಟ್ಟುಕೊಂಡರೆ?

ಚಿಪ್‌ಗೆ 90 ಡಿಗ್ರಿ ಸಹ್ಯ, ಚರ್ಮಕ್ಕೆ ಅಲ್ಲ. ಲ್ಯಾಪ್‌ಟಾಪ್‌ನ ತಳ ಚಿಪ್‌ನಷ್ಟು ಬಿಸಿಯಾಗದಿದ್ದರೂ, ಮುಟ್ಟಿದ ಕೂಡಲೇ ಸುಡದಷ್ಟು ಬಿಸಿಯೇ ದಿನಗಟ್ಟಲೆ ತಾಗಿದರೆ ಚರ್ಮದಲ್ಲಿ ಕಂದುಬಣ್ಣದ ಬಲೆಯಂತಹ ಗುರುತು ಮೂಡಬಹುದು. ಒಲೆಯ ಮುಂದೆ ಗಂಟೆಗಟ್ಟಲೆ ಕೂರುವವರಲ್ಲಿ ವೈದ್ಯರು ಇದನ್ನು ಮೊದಲಿನಿಂದಲೂ ಕಂಡಿದ್ದರು. ದಿನವೂ ಗಂಟೆಗಟ್ಟಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡುತ್ತಿದ್ದ 12 ವರ್ಷದ ಬಾಲಕನೊಬ್ಬನ ಪ್ರಕರಣವನ್ನು 2010ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆ ವರದಿ ಮಾಡಿತ್ತು. ಲ್ಯಾಪ್‌ಟಾಪ್ ಎಂಬ ಹೆಸರಿದ್ದರೂ ಅದಕ್ಕೆ ಮೇಜೇ ಸರಿಯಾದ ಜಾಗ.

ನೀವು ಏನು ಮಾಡಬಹುದು?

ಹಣ ಖರ್ಚಿಲ್ಲದ ಕೆಲಸಗಳಿಂದ ಶುರು ಮಾಡಿ.

1. ಹಾಸಿಗೆ, ದಿಂಬು, ಸೋಫಾ ಮೇಲೆ ಲ್ಯಾಪ್‌ಟಾಪ್ ಇಡಬೇಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಳದಿಂದಲೇ ಗಾಳಿ ಎಳೆಯುತ್ತವೆ. ಹಿಂಭಾಗಕ್ಕೆ ಎರಡು ಪುಟ್ಟ ಬಿರಟೆಗಳನ್ನೋ ತೆಳು ಪುಸ್ತಕವನ್ನೋ ಗಾಳಿಕಿಂಡಿಗೆ ಅಡ್ಡವಾಗದಂತೆ ಕೊಟ್ಟು ಎತ್ತರಿಸಿದರೂ ವ್ಯತ್ಯಾಸ ಕಾಣುತ್ತದೆ.

2. ಏನೂ ಕೆಲಸ ಮಾಡದಿದ್ದಾಗಲೂ ಫ್ಯಾನ್ ಕೂಗುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಯಾವ ತಂತ್ರಾಂಶ ಪ್ರೊಸೆಸರ್ ಬಳಸುತ್ತಿದೆ ಎಂದು ನೋಡಿ. ಮುಚ್ಚಲು ಮರೆತ ಬ್ರೌಸರ್ ಟ್ಯಾಬ್, ಹಿನ್ನೆಲೆಯ ಅಪ್‌ಡೇಟ್, ವೈರಸ್ ಸ್ಕ್ಯಾನ್ ಇರಬಹುದು.

3. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಪವರ್ ವಿಭಾಗಕ್ಕೆ ಹೋದರೆ ಪವರ್ ಮೋಡ್ ಸಿಗುತ್ತದೆ. 'ಬೆಸ್ಟ್ ಪರ್ಫಾರ್ಮೆನ್ಸ್' ಇದ್ದರೆ 'ಬ್ಯಾಲೆನ್ಸ್ಡ್'ಗೆ ಬದಲಿಸಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಯವರದೇ ಆದ 'ಕ್ವಯೆಟ್' ಅಥವಾ 'ಸೈಲೆಂಟ್' ಮೋಡ್ ಕೂಡ ಇರುತ್ತದೆ.

4. ಇನ್ನೂ ಬಿಸಿ ಇದ್ದರೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಬದಲಾದದ್ದು ಒಂದೇ ಶೇಕಡಾ ಎನಿಸಿದರೂ ಹಲವು ಕಂಪ್ಯೂಟರ್‌ಗಳಲ್ಲಿ ಇದರಿಂದ ಟರ್ಬೊ ಪೂರ್ತಿ ನಿಲ್ಲುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ. ಕೆಲಸ ತೀರಾ ನಿಧಾನ ಎನಿಸಿದರೆ ಮತ್ತೆ 100ಕ್ಕೆ ತರಬಹುದು, ಇದರಿಂದ ಯಾವ ಹಾನಿಯೂ ಇಲ್ಲ.

5. ಒಂದೆರಡು ವರ್ಷ ಹಳೆಯದಾಗಿದ್ದರೆ ಒಳಗಿನ ಧೂಳು ತೆಗೆಸಿ. ಹೀಟ್ ಸಿಂಕ್‌ನ ಸಂದುಗಳಲ್ಲಿ ಧೂಳು ಕೂತರೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹೋಗುವುದಿಲ್ಲ. ಬಿಚ್ಚಿದಾಗ ಚಿಪ್ ಮತ್ತು ಹೀಟ್ ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆಯೇ ನೋಡಿಸಿ, ಒಣಗಿದ್ದರೆ ಬದಲಿಸಬೇಕು. ವಾರಂಟಿ ಇದ್ದರೆ ಸ್ವತಃ ಬಿಚ್ಚುವ ಮೊದಲು ಅದರ ನಿಯಮ ತಿಳಿದುಕೊಳ್ಳಿ.

ಎಲ್ಲರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ದಿನವಿಡೀ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವರಿಗೆ 20 ಶೇಕಡಾ ವೇಗ ಎಂದರೆ ದಿನಕ್ಕೆ ಒಂದೆರಡು ಗಂಟೆ. ಅವರಿಗೆ ದೊಡ್ಡ ಕೂಲರ್ ಮತ್ತು ಹೆಚ್ಚು ಕರೆಂಟ್ ನ್ಯಾಯವಾದ ಖರ್ಚೇ. ಬರವಣಿಗೆ, ಆನ್‌ಲೈನ್ ತರಗತಿ, ಲೆಕ್ಕಪತ್ರದ ಕೆಲಸ ಮಾಡುವವರಿಗೆ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಯಾವಾಗ ನಿಜಕ್ಕೂ ಚಿಂತಿಸಬೇಕು?

ಕೆಲಸದ ನಡುವೆ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ಆಫ್ ಆದರೆ, ಬಿಸಿಯಾದರೂ ಫ್ಯಾನ್ ತಿರುಗದಿದ್ದರೆ, ಫ್ಯಾನ್‌ನಿಂದ ಗಾಳಿಯ ಸದ್ದಿನ ಬದಲು ಉಜ್ಜುವ ಕರಕರ ಸದ್ದು ಬಂದರೆ ರಿಪೇರಿ ಮಾಡಿಸಿ. ಸುಟ್ಟ ವಾಸನೆ ಬಂದರೆ ಅಥವಾ ಕೀಬೋರ್ಡ್, ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಂತೆ ಕಂಡರೆ ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಉಬ್ಬಿರುವುದು ಬ್ಯಾಟರಿ ಇರಬಹುದು, ಅದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಒತ್ತುವುದು, ಚುಚ್ಚುವುದು ಬೇಡ.

ಕಲಬುರಗಿಯ ಲ್ಯಾಪ್‌ಟಾಪ್ ಏನಾಯಿತು?

ಆಕೆ ಲ್ಯಾಪ್‌ಟಾಪನ್ನು ಹಾಸ್ಟೆಲ್‌ನ ಹಾಸಿಗೆಯ ಮೇಲಿಟ್ಟು ಬಳಸುತ್ತಿದ್ದಳು. ಪವರ್ ಮೋಡ್ 'ಬೆಸ್ಟ್ ಪರ್ಫಾರ್ಮೆನ್ಸ್'ನಲ್ಲಿತ್ತು. ಮೊದಲು ಮೇಜಿನ ಮೇಲಿಡಿಸಿದೆವು, ಮೋಡ್ ಬದಲಿಸಿ, ಮಿತಿಯನ್ನು 99ಕ್ಕೆ ಇಳಿಸಲು ಹೇಳಿದೆವು. ಅಂದೇ ಸಂಜೆ ಸದ್ದು ಅರ್ಧ ಕಡಿಮೆಯಾಯಿತು. ಎರಡು ದಿನದ ನಂತರ ಬೇರೊಂದು ಅಂಗಡಿಯಲ್ಲಿ ಬಿಚ್ಚಿಸಿದಾಗ ಹೀಟ್ ಸಿಂಕ್‌ನ ಬಾಯಿಗೆ ಧೂಳು ಕಂಬಳಿಯಂತೆ ಕೂತಿತ್ತು. ಅದನ್ನು ತೆಗೆದು ಹೊಸ ಪೇಸ್ಟ್ ಹಚ್ಚಿದ್ದಕ್ಕೆ 600 ರೂಪಾಯಿ ಆಯಿತು. ಬೋರ್ಡ್ ಹಳೆಯದೇ ಇದೆ, ಪ್ರಾಜೆಕ್ಟ್ ಸಮಯಕ್ಕೆ ಸಲ್ಲಿಕೆಯಾಯಿತು.

ತಮಾಷೆ ಎಂದರೆ, ಗರಿಷ್ಠ ವೇಗವನ್ನು ಇಳಿಸಿದ ಮೇಲೆ ಆಕೆಯ ಕೆಲಸ ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಮೊದಲು ಚಿಪ್ ಕೆಲ ಕ್ಷಣ ಓಡಿ, ಕಾದು, ತೆವಳುತ್ತಿತ್ತು. ಈಗ ಒಂದೇ ಹದದಲ್ಲಿ ನಡೆಯುತ್ತಿದೆ. ಹಾಗಾಗಿ ನಿಮ್ಮ ಕಂಪ್ಯೂಟರ್ ಕೂಗಿದರೆ ಬೋರ್ಡ್ ಬದಲಿಸಲು ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಗಾಳಿ ಆಡುತ್ತಿದೆಯೇ, ಧೂಳು ಕೂತಿದೆಯೇ, ನನಗೆ ಬೇಡದ ವೇಗಕ್ಕಾಗಿ ಅದನ್ನು ಓಡಿಸುತ್ತಿದ್ದೇನೆಯೇ?